ಗಿಯರ್ ಹಲ್ಲಿನ ನಡುವಿನ ಬಟ್ಟೆ

ಡರ್ಟ್ ಬೈಕಿನ ಕ್ಲಚ್ ರಿಪೇರಿ ಮುಗಿಸಿ ಮೆಕ್ಯಾನಿಕ್ ಫಕೀರಪ್ಪ ಎಂಜಿನ್ ಜೋಡಿಸುತ್ತಿದ್ದ. ನಟ್ ಬಿಗಿಯುವಾಗ ಗಿಯರ್‌ಗಳು ತಿರುಗದಿರಲೆಂದು ಅವುಗಳ ಹಲ್ಲಿನ ನಡುವೆ ಹಳೇ ಬಟ್ಟೆಯೊಂದನ್ನು ತುರುಕಿ, ತೆಗೆಯಲು ಮರೆಯದಂತೆ ಅದರ ತುದಿಯನ್ನು ಹೊರಗೆ ಇಳಿಬಿಟ್ಟಿದ್ದ. ನಟ್ ಬಿಗಿಯಾಯಿತು.

"ನಿನ್ನ ಕೆಲಸ ಮುಗಿಯಿತು, ಇನ್ನು ಹೊರಡು," ಎಂದಿತು ದೊಡ್ಡ ಗಿಯರ್.

"ಹೊರಡುವುದೇ? ಉಕ್ಕಿನ ನಿಮ್ಮನ್ನೇ ಹಿಡಿದು ನಿಲ್ಲಿಸಿದ್ದು ನಾನು. ನಾನಿಲ್ಲದೆ ಈ ಎಂಜಿನ್ ಉಂಟೇ?" ಎಂದು ಬಟ್ಟೆ ತನ್ನ ತುದಿಯನ್ನು ಮೆಲ್ಲಗೆ ಒಳಗೆಳೆದುಕೊಂಡಿತು. ತುದಿ ಕಾಣದ ಫಕೀರಪ್ಪ ಮುಚ್ಚಳ ಹಾಕಿ, ಎಣ್ಣೆ ಸುರಿದ.

ಆ ಬೈಕೇರಿ ರೇಸಿಗೆ ನಿಂತಿದ್ದ ರೋಶನಿ ಕಿಕ್ ಹೊಡೆದಳು. ಕಿಕ್ಕರ್ ಅಲುಗಲಿಲ್ಲ. ಮೈಭಾರವೆಲ್ಲ ಹಾಕಿ ತುಳಿದಳು. ಒಳಗೆ ಪರ್ರನೆ ಸದ್ದಾಯಿತು.

"ಅಯ್ಯೋ! ಹರಿಯುತ್ತಿರುವುದು ನನ್ನನ್ನೇ? ನನ್ನನ್ನೇ?" ಎಂದು ಬಟ್ಟೆ ಚೀರಿತು.

"ಏನ್ರೀ ಇದು, ಎಲ್ಲಾರೂ ಹೊಂಟ್ರಲ್ರೀ!" ಎಂದು ರೋಶನಿ ಕೂಗಿದಳು. ಫಕೀರಪ್ಪ ಓಡಿಬಂದು ಮುಚ್ಚಳ ಬಿಚ್ಚಿದ.

ಎಣ್ಣೆಯಲ್ಲಿ ನೆನೆದು ಜೋತಾಡುತ್ತಿದ್ದ ಚಿಂದಿಗೆ ದೊಡ್ಡ ಗಿಯರ್ ಹೇಳಿತು: "ನಮ್ಮನ್ನು ನಿಲ್ಲಿಸಿದ್ದು ನೀನೇ, ನಿಜ. ಆದರೆ ಆ ನಟ್ ಬಿಗಿದದ್ದು ನಾವು ತಿರುಗಲಿ ಎಂದು."