ಹಿಮದಿಂದ ವಿಮಾನ ತಂದ ಕಾಳಪ್ಪ

ಯಾವ ಸಂವತ್ಸರವೋ, ಈಗ ಹೇಳುವವರು ಯಾರೂ ಉಳಿದಿಲ್ಲ. ಬಹಳ ಹಿಂದೆ ಕೃಷ್ಣೆಯ ದಂಡೆಯ ಒಂದೂರಲ್ಲಿ ಕಾಳಪ್ಪ ಅಂತ ಒಬ್ಬ ಕಮ್ಮಾರನಿದ್ದ. ಮುರಿದ ಕಬ್ಬಿಣ ಅವನ ಕೈಗೆ ಬಂದರೆ ತಾನು ಮುರಿದದ್ದನ್ನೇ ಮರೆಯುತ್ತಿತ್ತು ಅಂತಾರೆ. ಅವನ ತಮ್ಮ ಮೋನಪ್ಪ ಯುದ್ಧದ ವಿಮಾನ ಹಾರಿಸುತ್ತಿದ್ದ. ಒಂದು ಚಳಿಗಾಲ ಉತ್ತರದ ಹಿಮದ ಬೆಟ್ಟ ದಾಟಲು ಹೋದವನು ದಾಟಲಿಲ್ಲ.

ಸೈನ್ಯದವರು ಹುಡುಕಿದರು, ಕೈಬಿಟ್ಟರು. ಬಿದ್ದ ಗಳಿಗೆಯಲ್ಲೇ ಜೀವ ಹೋಗಿರುತ್ತದೆ, ನೋವು ಗೊತ್ತಾಗಿರುವುದಿಲ್ಲ ಎಂದು ಹೇಳಿಕಳಿಸಿದರು. ಊರು ಆ ಮಾತನ್ನೇ ಹಿಡಿದು ಸಮಾಧಾನ ಮಾಡಿಕೊಂಡಿತು. ತಾಯಿ ಸೂಗವ್ವ ಒಪ್ಪಲಿಲ್ಲ. ಮಗನ ಮುಖ ನೋಡದೆ ಸತ್ತವರಿಗೆ ಮಾಡುವ ದಿನ ಮಾಡುವುದಿಲ್ಲ ಅಂದಳು. ಅತ್ತು ಅತ್ತು ಅವಳ ಕಣ್ಣು ಹೋದವು.

ಕಾಳಪ್ಪ ಕುಲುಮೆ ಆರಿಸಿ ಹೊರಟ. ಹಿಮದ ಬೆಟ್ಟದ ಬುಡದ ಹಳ್ಳಿಯಲ್ಲಿ ಕೂಲಿ ಮಾಡಿಕೊಂಡಿದ್ದು, ಬೇಸಿಗೆ ಬಂದಾಗಲೆಲ್ಲ ಮೇಲೆ ಹತ್ತಿ ಅಗೆದ. ಕೈಬೆರಳೆರಡು ಚಳಿಗೆ ಸತ್ತು ಉದುರಿದವು. ತಲೆ ನೆರೆಯಿತು. ಅಂಥ ವಿಮಾನ ಯಾವ ಸೈನ್ಯದಲ್ಲೂ ಹಾರದಷ್ಟು ಹಳೆಯದಾದ ಮೇಲೆ, ಒಂದು ದಿನ ಗುದ್ದಲಿಗೆ ರೆಕ್ಕೆ ತಾಗಿತು.

ಒಳಗೆ ತಮ್ಮನಿರಲಿಲ್ಲ. ಬಾಗಿಲು ಒಳಗಿನಿಂದಲೇ ತೆಗೆದಿತ್ತು. ರೆಕ್ಕೆಯ ಮರೆಯಲ್ಲಿ ಬೂದಿ ಇತ್ತು, ನೆಕ್ಕಿ ಖಾಲಿ ಮಾಡಿದ ಡಬ್ಬಿಗಳಿದ್ದವು. ಹುಡುಗ ಬಿದ್ದ ಗಳಿಗೆಯಲ್ಲಿ ಸತ್ತಿರಲಿಲ್ಲ. ಯಾರಾದರೂ ಬರುತ್ತಾರೆಂದು ಕಾದಿದ್ದ, ಸುಡಲು ಏನೂ ಉಳಿಯದಾದಾಗ ಎದ್ದು ಹಿಮದೊಳಗೆ ನಡೆದುಹೋಗಿದ್ದ. ಕಾಳಪ್ಪ ಆ ಬೂದಿಯಲ್ಲಿ ಕೈಯಿಟ್ಟು ಕೂತವನು ಸಂಜೆಯವರೆಗೂ ಏಳಲಿಲ್ಲ ಎಂದು ಜೊತೆಗೆ ಹೋಗಿದ್ದ ಬೆಟ್ಟದವರು ಹೇಳಿದರಂತೆ.

ಸೈನ್ಯದವರು ಹಳೇ ತಗಡು, ನೀನೇ ಇಟ್ಟುಕೋ ಅಂದರು. ಬಿಚ್ಚಿ, ಹೊತ್ತು, ಇಳಿಸಿದ. ಇಂಜಿನ್ನನ್ನು ಒಬ್ಬನೇ ಬೆನ್ನ ಮೇಲೆ ತಂದ ಅಂತಾರೆ. ಊರಿಗೆ ತಂದು ಮತ್ತೆ ಕುಲುಮೆ ಹೊತ್ತಿಸಿದ. ತಾಯಿಗೆ ಬೂದಿಯ ವಿಷಯ ಹೇಳಲಿಲ್ಲ. ಸೊಟ್ಟಗಾದ ತಗಡು ಬಡಿದು ನೆಟ್ಟಗೆ ಮಾಡಿದ, ತುಕ್ಕು ಉಜ್ಜಿದ, ಇಲ್ಲದ್ದನ್ನು ತಾನೇ ಎರಕ ಹೊಯ್ದ. ಕೈ ನಿಲ್ಲಿಸಿದರೆ ಆ ಬೂದಿ ಕಣ್ಣ ಮುಂದೆ ಬರುತ್ತಿತ್ತು.

ಒಂದು ಮುಂಜಾನೆ ಇಂಜಿನ್ನು ಗುಡುಗಿತು. ಆ ಸದ್ದಿಗೆ ಸೂಗವ್ವ ಗೋಡೆ ಹಿಡಿಯದೆ, ಕೋಲು ಹಿಡಿಯದೆ ಓಡಿಬಂದಳು.

"ಮೋನ್ಯಾ ಬಂದ್ನೇನೋ ಕಾಳ್ಯಾ? ಹೊಟ್ಟಿ ಹಸದಿರತೈತಿ, ಲಗೂ ಕೆಳಗ ಇಳಿಸೋ ಅವನ್ನ!"

ಕಾಳಪ್ಪ ಇಂಜಿನ್ನು ಆರಿಸಿದ.

"ಬರೇ ವಿಮಾನ ಬಂದೈತವ್ವ," ಅಂದ.

ಅವಳು ತಡಕಾಡಿ ತಡಕಾಡಿ ವಿಮಾನದೊಳಗಿನ ಖಾಲಿ ಕುರ್ಚಿಯನ್ನು ಮುಟ್ಟಿದಳು. ಮರುದಿನ ತಾನೇ ಮಗನ ದಿನ ಮಾಡಿಸಿದಳು. ಆ ವರ್ಷದ ಮಳೆಗಾಲದವರೆಗೆ ಅವಳು ಉಳಿಯಲಿಲ್ಲ. ಕಾಳಪ್ಪ ಮತ್ತೆ ಸುತ್ತಿಗೆ ಎತ್ತಲಿಲ್ಲ. ಅವನೂ ಹೋದ ಮೇಲೆ ಒಂದು ಮಹಾಪೂರದಲ್ಲಿ ಕೃಷ್ಣೆ ವಿಮಾನವನ್ನು ಒಯ್ದಳು.

ಈಗಲೂ ಆ ಊರ ಮೇಲೆ ವಿಮಾನ ಹಾದರೆ ಬಡಗಿ ಉಳಿ ಕೆಳಗಿಡುತ್ತಾನೆ, ರೊಟ್ಟಿ ಬಡಿಯುವವಳು ಕೈ ತಡೆಯುತ್ತಾಳೆ. ಯಾರೂ ಕೈ ಮುಗಿಯುವುದಿಲ್ಲ. ಸದ್ದು ಪೂರ್ತಿ ಅಡಗುವವರೆಗೆ ಸುಮ್ಮನೆ ನಿಂತು, ಯಾರಾದರೊಬ್ಬರು ಅನ್ನುತ್ತಾರೆ:

"ಯಾರ ಮಗನೋ, ಮನಿ ಮುಟ್ಟಲಿ."