ಪಂಚಿ ಕಾಯ್ತಿದ್ದ ನಂಬರುಗಳು

ಹೂಂಗುಟ್ಟೋರು ಹತ್ತಿರ ಬನ್ನಿ, ನಿದ್ದೆ ಬರೋರು ಗೋಡೆಗೆ ಒರಗಿಕೊಳ್ಳಿ. ಇದೇನು ರಾಜರ ಕಾಲದ ಕತೆ ಅಲ್ಲ. ಊರಿಗೆ ಎರಡೇ ಕಂಪ್ಯೂಟರ್ ಇದ್ದ ಕಾಲದ್ದು. ಆಗ ಕಂಪ್ಯೂಟರ್ ಇರೋ ಕೋಣೆಗೆ ಚಪ್ಪಲಿ ಬಿಟ್ಟು ಹೋಗ್ಬೇಕಿತ್ತು. ಅದಕ್ಕೆ ಕಸೂತಿ ಹಾಕಿದ ಹೊದಿಕೆ. ಶುಕ್ರವಾರ ಕುಂಕುಮ. ಧೂಳು ಬೀಳುತ್ತೆ ಅಂತ ಅದರ ಹತ್ತಿರ ಕೆಮ್ಮೋಕೂ ಬಿಡ್ತಿರ್ಲಿಲ್ಲ. ಮನೆ ಮಕ್ಕಳಿಗೆ ಆ ಮರ್ಯಾದೆ ಇರ್ಲಿಲ್ಲ. ಇರ್ಲಿ ಬಿಡಿ, ನಾವೇನು ಕೆಟ್ಟೋಗ್ಲಿಲ್ಲ.

ಹೊಸದುರ್ಗದ ಕಡೆ ಒಂದೂರು. ಬಸ್ ಸ್ಟ್ಯಾಂಡ್ ಎದುರು ಒಂದು ಟೈಪಿಂಗ್ ಅಂಗಡಿ. ಅಂಗಡಿ ಯಜಮಾನಿ ಗಂಗಮ್ಮ. ಗಂಗಮ್ಮನಿಗೆ ಒಬ್ಬನೇ ಮಗ, ಪಂಚಾಕ್ಷರಿ. ಕೂಗೋದು ಪಂಚಿ ಅಂತ. ವಯಸ್ಸು ಇಪ್ಪತ್ತು ದಾಟಿತ್ತು, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ಬಸ್ಸಲ್ಲಿತ್ತು. ಹೇಳಿದ್ದು ಮಾಡ್ತಿರ್ಲಿಲ್ಲ ಅಂತ ಯಾರೂ ಅವನನ್ನ ಬೈಯೋ ಹಂಗಿರ್ಲಿಲ್ಲ. ಹೇಳಿದ್ದನ್ನೇ ಮಾಡ್ತಿದ್ದ. ಅದೇ ಕಷ್ಟ.

"ಅಯ್ಯೋ ಶಿವನೇ, ನನ್ನ ಕಾಲ ಆದ್ಮೇಲೆ ಇವನು ಹೆಂಗೆ ಬದುಕ್ತಾನೋ!" ಅಂತ ಗಂಗಮ್ಮ ಟೈಪ್ ಮಾಡ್ತಾ ಮಾಡ್ತಾ ಅಳೋಳು. ಅತ್ತು ಮುಗಿಸಿ ಮತ್ತೆ ಟೈಪ್ ಮಾಡೋಳು.

ಅಂಥಾದ್ರಲ್ಲಿ ಹೈಸ್ಕೂಲು ಹೆಡ್ ಮೇಷ್ಟ್ರು ತಿಪ್ಪೇರುದ್ರಪ್ಪನೋರು ಪರೀಕ್ಷೆ ಪ್ರಶ್ನೆಪತ್ರಿಕೆ ಟೈಪ್ ಮಾಡೋಕೆ ಕೊಟ್ರು. ಸ್ಕೂಲ್ ಕೆಲಸ ಇದ್ರೆ ಅಂಗಡಿ ಇತ್ತು, ಹೋದ್ರೆ ಅಂಗಡಿಗೆ ಬೀಗ. ಆಚೆ ಬೀದೀಲಿ ಹೊಸದಾಗಿ ಅಂಗಡಿ ಇಟ್ಟೋನು ಆ ಕೆಲಸಕ್ಕೇ ಬಾಯಿ ಬಿಟ್ಕೊಂಡು ಕೂತಿದ್ದ. ಸರಿಯಾಗಿ ಅದೇ ಹೊತ್ತಿಗೆ ಕಂಪ್ಯೂಟರ್‌ಗೆ ಒಂದು ಚಾಳಿ ಶುರುವಾಯ್ತು. ಟೈಪ್ ಮಾಡ್ತಾ ಇದ್ದಂಗೆ ಟಪ್ ಅಂತ ಆಫ್!

ರೇಡಿಯೋ ರಿಪೇರಿ ಇನಾಯತ್ ಸಾಬ್ರು ಬಂದ್ರು. ಊರಲ್ಲಿ ಕಂಪ್ಯೂಟರ್ ರಿಪೇರಿಗೂ ಅವರೇ. ಅದೇನೋ ಒಂದು ಪ್ರೋಗ್ರಾಮ್ ಹಾಕಿದ್ರು. ಪರದೆ ಮೂಲೇಲಿ ಮೂರು ನಂಬರು ಬಂತು.

"ನೋಡು ಗಂಗಕ್ಕ, ಇದು ಡಬ್ಬದ ಬಿಸಿ. ಇದು ಪ್ರೊಸೆಸರ್ ಬಿಸಿ, ಅಂದ್ರೆ ಇದರ ಮೆದುಳಿನ ಬಿಸಿ. ಇದು ವೋಲ್ಟೇಜು. ನೀನು ಟೈಪ್ ಮಾಡು, ಪಂಚಿ ನಂಬರ್ ಕಾಯ್ಲಿ. ಪಂಚೀ, ಬಿಸಿ ಎಪ್ಪತ್ತು ದಾಟ್ತಾ? ತಕ್ಷಣ ಸ್ವಿಚ್ ತೆಗೆ!"

"ಆಗ್ಲಿ ಮಾಮ!"

ಪಂಚಿ ಕೂತ. ರೆಪ್ಪೆ ಬಡೀದೆ ಕೂತ. ಗಂಗಮ್ಮ ವಿಜ್ಞಾನದ ಪತ್ರಿಕೆ ಪೂರ್ತಿ ಟೈಪ್ ಮಾಡಿ, ಸೇವ್ ಮಾಡೋಕೆ ಬೆರಳು ಎತ್ತಿದ್ಲು. ಇದ್ದಕ್ಕಿದ್ದಂಗೆ ಡಬ್ಬದ ಬಿಸಿ ನೂರಿಪ್ಪತ್ತೇಳು! ಪಂಚಿ ಎದ್ದ, ಕಿತ್ತ. ಸ್ವಿಚ್ ಅಲ್ಲ, ವೈರು ಸಮೇತ ಪ್ಲಗ್ಗೇ ಕಿತ್ತ.

"ಹೋಯ್ತಲ್ಲೋ ವಿಜ್ಞಾನ!"

"ನೂರಿಪ್ಪತ್ತೇಳು ಆಗಿತ್ತಮ್ಮಾ!"

ಇನಾಯತ್ ಸಾಬ್ರು ಹಣೆ ಚಚ್ಕೊಂಡ್ರು. "ಏನೋ ಪಂಚೀ! ನೂರಿಪ್ಪತ್ತೇಳಿದ್ರೆ ಅದರ ಮೇಲೆ ದೋಸೆ ಹಾಕಬಹುದಿತ್ತಲ್ಲೋ! ಅಲ್ಲಿ ಬಿಸಿ ಅಳೆಯೋ ವೈರೇ ಇಲ್ಲ, ಅದಕ್ಕೇ ಬಾಯಿಗೆ ಬಂದ ನಂಬರ್ ತೋರಿಸ್ತಿದೆ. ನಂಬರ್ ಕಂಡ ತಕ್ಷಣ ನಂಬೋದಾ? ಕೈ ಇಟ್ಟು ನೋಡ್ಬೇಕಪ್ಪಾ, ಕೈ ಇಟ್ಟು!"

"ಇನ್ಮೇಲೆ ಹಂಗೇ ಮಾಡ್ತೀನಿ ಮಾಮ."

ಸಾಬ್ರಿಗೆ ಕಾಫಿ ಕೊಡೋಣ ಅಂದ್ರೆ ಮನೇಲಿ ಬೆಲ್ಲ ಇಲ್ಲ. "ಹೋಗು, ಮೂಲೆ ಅಂಗಡೀಲಿ ಒಂದು ಕೇಜಿ ಬೆಲ್ಲ ತಗೊಂಡು ಬಾ" ಅಂದ್ಲು ಗಂಗಮ್ಮ. ಅಂಗಡಿ ಶೆಟ್ರು ಮುಳ್ಳಿನ ತಕ್ಕಡಿ ಮೇಲೆ ಬೆಲ್ಲ ಇಟ್ರು. ಮುಳ್ಳು ಸರಿಯಾಗಿ ಒಂದರ ಮೇಲೆ ನಿಂತ್ಕೊಳ್ತು.

"ನಂಬರ್ ಕಂಡ ತಕ್ಷಣ ನಂಬಬಾರದು ಶೆಟ್ರೇ. ಕೈ ಇಟ್ಟು ನೋಡ್ಬೇಕು!" ಅಂದೋನೇ ಪಂಚಿ ತಕ್ಕಡಿ ಮೇಲೆ ಕೈ ಇಟ್ಟ. ಮುಳ್ಳು ಎರಡರ ಹತ್ತಿರಕ್ಕೆ ಹಾರ್ತು.

"ಕೈ ತೆಗಿಯಪ್ಪಾ."

"ತೆಗಿಯಲ್ಲ. ಹಂಗೇ ನೋಡ್ಬೇಕಂತೆ."

ಶೆಟ್ರು ಒಂದ್ಸಲ ಪಂಚಿ ಮುಖ ನೋಡಿದ್ರು, ಒಂದ್ಸಲ ಮುಳ್ಳು ನೋಡಿದ್ರು. ಆಮೇಲೆ ಬೆಲ್ಲ ಒಂದೊಂದೇ ಚೂರು ತೆಗೀತಾ ಹೋದ್ರು. ಮುಳ್ಳು ಇಳೀತಾ ಬಂತು. ಒಂದಕ್ಕೆ ಬರೋ ಹೊತ್ತಿಗೆ ತಕ್ಕಡೀಲಿ ಉಳಿದಿದ್ದು ಪಂಚಿ ಕೈ, ಅದರ ಪಕ್ಕ ಗೋಲಿಯಷ್ಟು ಬೆಲ್ಲ.

"ಈಗ ಸರಿ!" ಅಂದ ಪಂಚಿ. ದುಡ್ಡು ಕೊಟ್ಟು ಬಂದ.

ಗಂಗಮ್ಮ ಪೊಟ್ಟಣ ಬಿಚ್ಚಿ ನೋಡಿದ್ಲು. "ನಿನ್ನ ಕೈನೇ ತೂಕಕ್ಕೆ ಕೊಂಡ್ಕೊಂಡು ಬಂದ್ಯಲ್ಲೋ ಪೆದ್ದ ನನ್ಮಗನೇ! ತೂಕ ನೋಡೋ ಮುಂಚೆ ಮೇಲಿರೋದೆಲ್ಲಾ ತೆಗೀಬೇಕು ಕಣೋ. ಎಲ್ಲಾ ತೆಗೆದು ಖಾಲಿ ಮಾಡಿದಾಗ ಸೊನ್ನೆ ಬಂತಾ, ಆಗ ಸರಿ!"

"ಇನ್ಮೇಲೆ ಹಂಗೇ ಮಾಡ್ತೀನಮ್ಮಾ."

ಮಾರನೇ ದಿನ ಬೆಳಿಗ್ಗೆ ವೋಲ್ಟೇಜು ಹನ್ನೆರಡಿರಬೇಕಾದ್ದು ಒಂಬತ್ತು ತೋರಿಸೋಕೆ ಶುರು ಮಾಡ್ತು. ಮತ್ತೆ ಬಂದ್ರು ಇನಾಯತ್ ಸಾಬ್ರು. "ಇದೂ ಯಾಕೋ ಅನುಮಾನ. ಮೀಟರ್ ಹಿಡಿದು ನೋಡೇಬಿಡೋಣ. ಮನೆಗೆ ಹೋಗಿ ಮೀಟರ್ ತರ್ತೀನಿ, ಅಲ್ಲೀವರೆಗೂ ಎಷ್ಟು ತೋರಿಸುತ್ತೆ ನೋಡ್ತಿರು ಪಂಚೀ."

ಪಂಚಿ ಮೌಸ್ ತೆಗೆದ. ಕೀಬೋರ್ಡ್ ತೆಗೆದ. ಪ್ರಿಂಟರ್ ತೆಗೆದ. ಡಬ್ಬ ಬಿಚ್ಚಿ ಒಳಗೆ ಕೈಗೆ ಸಿಕ್ಕಿದ್ದೆಲ್ಲಾ ತೆಗೆದು ಚಾಪೆ ಮೇಲೆ ಸಾಲಾಗಿ ಇಟ್ಟ. ಮದುವೆ ಮನೇಲಿ ಎಲೆ ಹಾಕ್ತಾರಲ್ಲ, ಹಂಗೆ. ಕೊನೆಗೆ ಮಾನಿಟರ್ ವೈರೂ ತೆಗೆದ.

ಸಾಬ್ರು ಬಂದ್ರು. "ಎಷ್ಟು ತೋರಿಸ್ತಿದೆಯೋ?"

"ಏನೂ ತೋರಿಸ್ತಿಲ್ಲ ಮಾಮ! ಸೊನ್ನೆ! ಸರಿಯಾಗಿದೆ!"

ಸಾಬ್ರು ಚಾಪೆ ನೋಡಿದ್ರು. ಆಮೇಲೆ ಒಂದೊಂದೇ ಎತ್ತಿ, ಒರೆಸಿ, ಊದಿ, ಜೋಡಿಸಿದ್ರು. ಮೀಟರ್ ಹಿಡಿದ್ರು. ವೋಲ್ಟೇಜು ಹನ್ನೆರಡೇ ಇತ್ತು. "ನೋಡ್ದಾ ಗಂಗಕ್ಕ! ಈ ಒಂಬತ್ತೂ ಸುಳ್ಳು, ಆ ನೂರಿಪ್ಪತ್ತೇಳೂ ಸುಳ್ಳು. ಪ್ರೊಸೆಸರ್ ಬಿಸಿ ಒಂದೇ ನಿಜ. ಅದರ ಮೇಲಿನ ಪುಟಾಣಿ ಫ್ಯಾನು ಸತ್ತೋಗಿದೆ, ಅದಕ್ಕೇ ಕಾದು ಕಾದು ಆಫ್ ಆಗ್ತಿದೆ. ದಾವಣಗೆರೆಯಿಂದ ಹೊಸಾದು ತರ್ತೀನಿ. ನಾಳೆ ಹಾಕೋಣ."

"ನಾಳೇನೇ ಪರೀಕ್ಷೆ ಇನಾಯತಣ್ಣ! ಗಣಿತ, ವಿಜ್ಞಾನ ಎರಡೂ ಬಾಕಿ!"

"ನಾನೇನು ಮಾಡ್ಲಿ ಅಕ್ಕಾ? ಬಸ್ಸಿಗೆ ರೆಕ್ಕೆ ಕಟ್ಲಾ?" ಹೊರಟೋರು ಪಂಚಿ ಕಡೆ ತಿರುಗಿದ್ರು. "ಅಲ್ಲಯ್ಯಾ, ಸುಮ್ನೆ ಬಿದ್ದಿರೋದನ್ನ ನೋಡಿದ್ರೆ ಯಾವ ಕಾಯಿಲೆ ಗೊತ್ತಾಗುತ್ತೆ? ಸುಮ್ನೆ ಕೂತಿದ್ರೆ ಎಲ್ಲಾ ಸರಿಯಾಗೇ ಕಾಣುತ್ತೆ. ಚೆನ್ನಾಗಿ ದುಡಿಸಿ, ಸುಸ್ತು ಮಾಡಿ, ಆಮೇಲೆ ನೋಡ್ಬೇಕು!"

"ಇನ್ಮೇಲೆ ಹಂಗೇ ಮಾಡ್ತೀನಿ ಮಾಮ."

ಅಂಗಡಿ ಪಕ್ಕದಲ್ಲೇ ಡಾಕ್ಟರ್ ಶಾಪು. ಜಗುಲಿ ಬೆಂಚಿನ ಮೇಲೆ ಹೆಡ್ ಮೇಷ್ಟ್ರು ತಿಪ್ಪೇರುದ್ರಪ್ಪನೋರು ತೋಳು ಚಾಚಿ ಕೂತಿದ್ರು. ಕಾಂಪೌಂಡರ್ ಬಿಪಿ ನೋಡ್ತಿದ್ದ.

"ಏನೂ ತೊಂದ್ರೆ ಇಲ್ಲ ಮೇಷ್ಟ್ರೇ, ಬಿಪಿ ಸರಿಯಾಗಿದೆ."

"ಸುಮ್ನೆ ಕೂತಿದ್ರೆ ಎಲ್ಲಾ ಸರಿಯಾಗೇ ಕಾಣುತ್ತೆ!" ಅಂತ ಕೂಗ್ದ ಪಂಚಿ. ಮೇಷ್ಟ್ರ ಬ್ಯಾಗ್ ಕಿತ್ಕೊಂಡ. ಓಡ್ದ.

"ಏಯ್! ನನ್ನ ಬ್ಯಾಗು! ಹಿಡೀರೋ ಅವನ್ನ!"

ಪಂಚಿ ಮುಂದೆ, ಮೇಷ್ಟ್ರು ಹಿಂದೆ. ಬಸ್ ಸ್ಟ್ಯಾಂಡ್ ಸುತ್ತಿದ್ರು. ಹೂವಿನ ಅಂಗಡಿ ಸುತ್ತಿದ್ರು. ಕಬ್ಬಿನ ಹಾಲಿನೋನು ಗಾಣ ನಿಲ್ಲಿಸಿ ನೋಡ್ದ. ಬಸ್ಸಲ್ಲಿ ಕೂತಿದ್ದ ಹುಡುಗರು ಕಿಟಕಿಯಿಂದ "ಬನ್ನಿ ಸಾರ್, ಬನ್ನಿ ಸಾರ್!" ಅಂತ ಹುರಿದುಂಬಿಸಿದ್ರು. ಮೇಷ್ಟ್ರ ಉಸಿರು ತಿದಿ ಥರ ಆಡೋವಾಗ ಪಂಚಿ ವಾಪಸ್ ಬೆಂಚಿಗೇ ಬಂದು ನಿಂತ.

"ಈಗ ನೋಡಿ ಕಾಂಪೌಂಡ್ರೇ!"

ಕಾಂಪೌಂಡರ್ ನೋಡ್ದ. "ಅಯ್ಯಯ್ಯೋ! ಏರ್ಬಿಟ್ಟಿದೆ!"

"ನಾನ್ ಹೇಳ್ಲಿಲ್ವಾ!"

ಗಂಗಮ್ಮ ಓಡಿ ಬಂದ್ಲು. ಮೇಷ್ಟ್ರಿಗೆ ಮಾತಾಡೋಕೆ ಉಸಿರಿರ್ಲಿಲ್ಲ, ಬೆರಳು ಮಾತ್ರ ಆಡಿಸಿದ್ರು. ಉಸಿರು ಬಂದ್ಮೇಲೆ ಅಂದ್ರು: "ಗಂಗಮ್ಮಾ! ಸಾಯಂಕಾಲ ನಾಲ್ಕಕ್ಕೆ ಪತ್ರಿಕೆ ಸ್ಕೂಲಲ್ಲಿರಬೇಕು. ಇಲ್ಲಾಂದ್ರೆ ಇವತ್ತಿಗೆ ಮುಗೀತು. ಇನ್ನು ಎಲ್ಲಾ ಕೆಲಸ ಆಚೆ ಬೀದಿಯೋನಿಗೇ!"

ಮೇಷ್ಟ್ರು ಹೋದ್ರು. ಗಂಗಮ್ಮ ಮಗನ ಕಿವಿ ಹಿಡಿದ್ಲು. "ನನ್ನ ಹೊಟ್ಟೆ ಮೇಲೆ ಹೊಡೀತೀಯಲ್ಲೋ! ಯಾರಾದ್ರೂ ಸುಸ್ತಾಗಿ, ಬಿಸಿಯಾಗಿ ಏದುಸಿರು ಬಿಡ್ತಿದ್ರೆ ಏನು ಮಾಡ್ಬೇಕು? ಕೂರಿಸ್ಬೇಕು! ಬೀಸಣಿಗೇಲಿ ಗಾಳಿ ಹಾಕ್ಬೇಕು! ಕುಡಿಯೋಕೆ ತಣ್ಣಗೆ ಮಜ್ಜಿಗೆ ಕೊಡ್ಬೇಕು! ತಿಳೀತಾ?"

"ಇನ್ಮೇಲೆ ಹಂಗೇ ಮಾಡ್ತೀನಮ್ಮಾ."

ಏನು ಮಾಡ್ತಾಳೆ ಗಂಗಮ್ಮ? ಆದದ್ದಾಗ್ಲಿ ಅಂತ ಕಂಪ್ಯೂಟರ್ ಹಾಕಿದ್ಲು. ಗಣಿತ ಶುರು ಮಾಡಿದ್ಲು. ಅರವತ್ತು, ಎಪ್ಪತ್ತು, ಪ್ರೊಸೆಸರ್ ಬಿಸಿ ಏರ್ತಾ ಹೋಯ್ತು. ಡಬ್ಬ ಗುರ್ ಗುರ್ ಅಂತು.

"ಅಮ್ಮಾ, ಏದುಸಿರು ಬಿಡ್ತಿದೆ!"

ಪಂಚಿ ಡಬ್ಬದ ಬಾಗಿಲು ತೆಗೆದ. ಬೀಸಣಿಗೆ ತಂದ. ಬೀಸ್ದ. ಎಡಗೈಲಿ ಬೀಸ್ದ, ಬಲಗೈಲಿ ಬೀಸ್ದ. ಎಪ್ಪತ್ತು ಅರವತ್ತೈದಾಯ್ತು. ಅರವತ್ತೈದು ಅರವತ್ತಾಯ್ತು! ಗಂಗಮ್ಮ ನಂಬರ್ ನೋಡಿದ್ಲು, ಮಗನ್ನ ನೋಡಿದ್ಲು. ಮಾತಾಡಿದ್ರೆ ಎಲ್ಲಿ ನಿಲ್ಲಿಸ್ತಾನೋ ಅಂತ ಮಾತೇ ಆಡ್ಲಿಲ್ಲ. ಗಣಿತ ಮುಗೀತು. ವಿಜ್ಞಾನ ಎರಡನೇ ಸಲ ಮುಗೀತು. ಪ್ರಿಂಟೂ ಬಂತು!

"ನನ್ನ ಬಂಗಾರ ಕಣೋ ನೀನು!" ಅಂದ್ಲು ಗಂಗಮ್ಮ. ಹುಟ್ಟಿದಾಗ ಒಂದ್ಸಲ ಅಂದಿದ್ಲಂತೆ, ಆಮೇಲೆ ಇದೇ. ಕಣ್ಣು ಒರೆಸ್ಕೊಂಡು, ಮಿಕ್ಕ ಪತ್ರಿಕೆನೂ ಸೇರಿಸ್ಕೊಂಡು, ಜೆರಾಕ್ಸ್ ಮಾಡಿಸೋಕೆ ಹೋದ್ಲು.

ಪಂಚಿ ಯೋಚನೆ ಮಾಡ್ದ. ಕೂರಿಸಿದ್ದಾಯ್ತು, ಅದು ಮೊದಲೇ ಕೂತಿತ್ತು. ಗಾಳಿ ಹಾಕಿದ್ದಾಯ್ತು. ಇನ್ನೇನೋ ಬಾಕಿ ಇದೆಯಲ್ಲ?

ಗಂಗಮ್ಮ ಕಟ್ಟು ಹಿಡ್ಕೊಂಡು ವಾಪಸ್ ಬಂದಾಗ ಅಂಗಡಿ ತುಂಬಾ ಇಂಗು ಕರಿಬೇವಿನ ಘಮ. ಮೇಜಿನ ಮೇಲೆ ಖಾಲಿ ಚೊಂಬು. ಡಬ್ಬದಿಂದ ತೊಟ್ ತೊಟ್ ಅಂತ ಬೆಳ್ಳಗೆ ಸೋರ್ತಿತ್ತು.

"ಏನೋ ಮಾಡ್ದೆ!"

"ಪಾಪ, ಬಾಯಾರಿತ್ತಮ್ಮಾ. ಒಂದು ಚೊಂಬು ಪೂರ್ತಿ ಕುಡೀತು. ಆಮೇಲೆ ಢರ್ ಅಂತ ತೇಗ್ತು. ಈಗ ಮಲಗಿದೆ."

ಗಂಗಮ್ಮ ಎದೆ ಎದೆ ಬಡ್ಕೊಂಡ್ಲು. "ಅದು ಕೇಳ್ತೇನೋ ನಿನ್ನ ಮಜ್ಜಿಗೆ! ಯಾರಿಗೇ ಏನೇ ಕೊಡೋ ಮುಂಚೆ 'ಬೇಕಾ' ಅಂತ ಕೇಳ್ಬೇಕು! ಬೇಕು ಅಂದೋರಿಗೆ ಕೊಡು, ಬೇಡ ಅಂದೋರಿಗೆ ಕೊಡ್ಬೇಡ! ಹೋಗು, ಮೊದಲು ಈ ಕಟ್ಟು ಸ್ಕೂಲಿಗೆ ಕೊಟ್ಟು ಬಾ, ನಾಲ್ಕಾಗ್ತಾ ಬಂತು!" ಅಂತ ಸೆರಗಿಂದ ಡಬ್ಬ ಒರೆಸೋಕೆ ಕೂತ್ಲು.

"ಹಂಗೇ ಮಾಡ್ತೀನಮ್ಮಾ!"

ಪಂಚಿ ಓಡ್ದ. ಸ್ಟಾಫ್ ರೂಮಲ್ಲಿ ಮೇಷ್ಟ್ರುಗಳೆಲ್ಲಾ ಟೀ ಕುಡೀತಿದ್ರು. ಬಾಗಿಲಲ್ಲಿ ಪಂಚಿ ತಲೆ ಕಂಡಿದ್ದೇ ತಡ, ಹೆಡ್ ಮೇಷ್ಟ್ರು ಬ್ಯಾಗನ್ನ ಎದೆಗೆ ಅವಚಿಕೊಂಡು ಕುರ್ಚಿ ಹಿಂದೆ ನಿಂತ್ರು.

"ಬೇಕಾ ಸಾರ್?"

"ಬೇಡ! ಬೇಡಪ್ಪಾ ಬೇಡ! ನಿನ್ನಿಂದ ನನಗೆ ಏನೂ ಬೇಡ! ಹೋಗಯ್ಯಾ ಆಚೆ!"

"ಆಗ್ಲಿ ಸಾರ್."

ಪಂಚಿ ಆಚೆ ಬಂದ. ಬೇವಿನ ಮರದ ಕೆಳಗೆ ಹತ್ತನೇ ಕ್ಲಾಸಿನ ಮಕ್ಕಳು ಕೂತಿದ್ರು. ನಾಳೆ ಏನು ಗತಿ ಅಂತ ಮುಖ ಸಣ್ಣಗೆ ಮಾಡ್ಕೊಂಡಿದ್ರು.

"ಬೇಕಾ?"

"ಏನಣ್ಣ ಅದು?"

"ನಾಳೆಯಿಂದ ಪರೀಕ್ಷೆ ಅಲ್ವಾ, ಅದರ ಪ್ರಶ್ನೆಪತ್ರಿಕೆ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದ್ರು.

"ಬೇಕು!"

ಕ್ಲಾಸಿಗೆ ಮೊದಲು ಬರೋ ಹುಡುಗಿ ಒಬ್ಬಳು ಮಾತ್ರ "ನನಗೆ ಬೇಡ" ಅಂದ್ಲು. ಪಂಚಿ ಅವಳಿಗೆ ಕೊಡ್ಲಿಲ್ಲ. ಹೇಳಿದ ಮಾತು ಅಂದ್ರೆ ಮಾತು.

ನಾಲ್ಕೂವರೆಗೆ ಹೆಡ್ ಮೇಷ್ಟ್ರು ಅಂಗಡಿಗೇ ಬಂದ್ರು. "ಎಲ್ರೀ ಗಂಗಮ್ಮಾ ಪತ್ರಿಕೆ!"

"ಆಗ್ಲೇ ಕಳಿಸಿದ್ನಲ್ಲ ಮೇಷ್ಟ್ರೇ! ಪಂಚೀ?"

"ಮೇಷ್ಟ್ರು ಬೇಡ ಅಂದ್ರಮ್ಮಾ. ಎಲ್ಲಾ ಮೇಷ್ಟ್ರುಗಳ ಎದುರಿಗೇ ಅಂದ್ರು. ಅದಕ್ಕೇ ಬೇಕು ಅಂದೋರಿಗೆ ಕೊಟ್ಟೆ."

"ಯಾರಿಗೋ?"

"ಮಕ್ಕಳಿಗೆ ಸಾರ್. ಎಷ್ಟು ಆಸೆಯಿಂದ ಓದ್ತಿದ್ರು ಗೊತ್ತಾ!"

ಮೇಷ್ಟ್ರು ಅಲ್ಲೇ ಸ್ಟೂಲ್ ಮೇಲೆ ಕುಸಿದ್ರು. ಬೇರೆ ಪತ್ರಿಕೆ ಮಾಡೋಕೆ ಹೊತ್ತಿಲ್ಲ. ಬೈಯೋಣ ಅಂದ್ರೆ, ಬೇಡ ಅಂದಿದ್ದು ತಾವೇ, ಸಾಕ್ಷಿಗೆ ಸ್ಟಾಫ್ ರೂಮ್ ಪೂರ್ತಿ ಇತ್ತು. ಪರೀಕ್ಷೆ ಹಂಗೇ ನಡೀತು. ಇಡೀ ಕ್ಲಾಸು ಪಾಸು! ಆ ಒಬ್ಬಳು ಹುಡುಗಿ ಪಾಪ ಕಡೇ ಸ್ಥಾನಕ್ಕೆ ಹೋದ್ಲು. ಮೇಲಿನ ಆಫೀಸಿಂದ ಮೇಷ್ಟ್ರಿಗೆ ಶಹಭಾಸ್ ಬಂತು, ವಾರ್ಷಿಕ ಪರೀಕ್ಷೆನೂ ಹಿಂಗೇ ನಡೆಸಿ ಅಂತ. ಮೇಷ್ಟ್ರು ಆ ಕೆಲಸ ಆಚೆ ಬೀದಿಗೆ ಕೊಡ್ತಾರಾ? ಕೊಟ್ರೆ ಗಂಗಮ್ಮ ಬಾಯಿ ಬಿಡಲ್ವಾ? ಮರು ಮಾತಾಡದೆ ಗಂಗಮ್ಮನಿಗೇ ಕೊಟ್ರು. ಇನಾಯತ್ ಸಾಬ್ರು ಕಂಪ್ಯೂಟರ್ ತೊಳೆದು, ಬಿಸಿಲಿಗಿಟ್ಟು, ಹೊಸ ಫ್ಯಾನ್ ಹಾಕಿ ಎಬ್ಬಿಸಿದ್ರು. ಇಂಗಿನ ವಾಸನೆ ಮಾತ್ರ ಹೋಗ್ಲಿಲ್ಲ. ಟೈಪ್ ಮಾಡಿಸೋಕೆ ಬಂದೋರಿಗೆಲ್ಲಾ ಊಟದ ನೆನಪಾಗೋದು.

ಆ ಸಾಯಂಕಾಲ, ಮೇಷ್ಟ್ರು ಎದ್ದು ಹೋದ್ಮೇಲೆ, ಗಂಗಮ್ಮ ಮಗನಿಗೆ ಬುದ್ಧಿ ಹೇಳೋಣ ಅಂತ ಬಾಯಿ ತೆಗೆದ್ಲು. ಪಂಚಿ ಕೈ ಕಟ್ಕೊಂಡು, ಕಿವಿ ಕೊಟ್ಟು ನಿಂತ. ಏನು ಹೇಳಿದ್ರೂ ಒಂದಕ್ಷರ ಬಿಡದೆ ಮಾಡೋಕೆ ತಯಾರಾಗಿ ನಿಂತ.

ಗಂಗಮ್ಮ ಅವನ ಮುಖ ನೋಡಿದ್ಲು. ತೆಗೆದ ಬಾಯಿ ಮೆಲ್ಲಗೆ ಮುಚ್ಚಿಕೊಂಡು, ತಟ್ಟೆ ಹಾಕಿ, ಊಟಕ್ಕೆ ಬಡಿಸಿದ್ಲು.