ಬಾಯಾರಿದ ಪೆಟ್ಟಿಗೆ

ಹೊಳೆದಂಡೆಯ ಆ ಆಶ್ರಮದಲ್ಲಿ ಗದ್ದುಗೆಯ ಮುಂದೆ ವರ್ಷಕ್ಕೊಮ್ಮೆ ಚುಟ್ಟ ಹಚ್ಚಿಡುತ್ತಿದ್ದರು.

ಕೇಳಿ ಮೂಗು ಮುರಿಯುವವರು ಮುರಿಯಲಿ. ಗದ್ದುಗೆಯೊಳಗೆ ಸಮಾಧಿಯಾಗಿ ಮಲಗಿದ್ದ ಹಿಂದಿನ ಗುರು ದೊಡ್ಡಜ್ಜ ಬದುಕಿದ್ದಷ್ಟು ದಿನವೂ ಬಾಯಿಂದ ಚುಟ್ಟ ಇಳಿಸಿದವರಲ್ಲ. ಅವರು ಹೋದ ಮೇಲೆ, ಕಾರ್ತಿಕದ ಆರಾಧನೆಯಂದು ಊದುಬತ್ತಿಯ ಜೊತೆಗೆ ಒಂದು ಚುಟ್ಟವನ್ನೂ ಹಚ್ಚಿಡುವುದು ರೂಢಿಯಾಯಿತು. ನಡುವೆ ಆರದೆ ಕೊನೆಯತನಕ ಉರಿದರೆ ಜನಕ್ಕೆ ಸಮಾಧಾನ.

ತೊಡಕೆಂದರೆ, ಹೊಗೆಸೊಪ್ಪಿನ ಸೀಮೆಯ ಭಕ್ತರು ಚುಟ್ಟ ಸುತ್ತಿ ತರುತ್ತಿದ್ದುದು ಯುಗಾದಿಗೆ. ಅಲ್ಲಿಂದ ಕಾರ್ತಿಕದವರೆಗೆ, ಬೇಸಿಗೆ ಮಳೆಗಾಲಗಳನ್ನು ದಾಟಿಸಿ, ಅದನ್ನು ಹದ ಕೆಡದಂತೆ ಕಾಯಬೇಕು. ಒಣಗಿದರೆ ಬಿರಿದು ಭರ್ರನೆ ಉರಿದುಹೋಗುತ್ತದೆ. ತೇವ ಹೆಚ್ಚಾದರೆ ಹೊತ್ತುವುದೇ ಇಲ್ಲ.

ದೊಡ್ಡಜ್ಜನ ಶಿಷ್ಯರಾದ ನಿಂಗಜ್ಜ ಈಗ ಆಶ್ರಮದ ಗುರು. ಚುಟ್ಟ ಕಾಯುವ ಕೆಲಸವೂ ಅವರದೇ. ಅವರ ಹಾಸಿಗೆಯ ಪಕ್ಕದಲ್ಲಿ ಎಣ್ಣೆಗಪ್ಪು ಹತ್ತಿದ ಹಳೆಯ ಮರದ ಪೆಟ್ಟಿಗೆಯೊಂದಿತ್ತು. ಚುಟ್ಟಗಳೆಲ್ಲ ಅದರೊಳಗೆ.

ಆ ವರ್ಷ ಯುಗಾದಿಗೆ ಹುಣಸಿಹಾಳದ ನೀಲವ್ವ ಬಂದಳು. ಅವಳ ಊರಲ್ಲಿ ಇದೇ ಆಶ್ರಮದ ಶಾಖೆಯೊಂದಿತ್ತು. ಅಲ್ಲಿನ ಸ್ವಾಮಿಗಳು ತೀರಿಕೊಂಡ ಮೇಲೆ ಬಾಗಿಲಿಗೆ ಬೀಗ ಬಿದ್ದಿತ್ತು.

"ಅಜ್ಜಾರ, ಸಂಜಿ ಆದ್ರ ಹುಡುಗ್ರು ಬಂದು ಆಶ್ರಮದ ಕಟ್ಟಿ ಮ್ಯಾಲ ಕುಂದರ್ತಾವು. ಹೇಳವ್ರಿಲ್ಲ, ಕೇಳವ್ರಿಲ್ಲ. ಯಾರನ್ನರ ಕಳಸ್ರಿ. ಆರಾಧನಿತನಕ ದಾರಿ ನೋಡ್ತೀವಿ. ಆಮ್ಯಾಲ ಕೀಲಿಕೈ ತಂದು ನಿಮ್ಮ ಪಾದಕ್ಕ ಇಟ್ಟುಬಿಡ್ತೀವಿ."

ಕಂಬದ ಪಕ್ಕ ನಿಂತಿದ್ದ ಶಿಷ್ಯ ಅಡವೆಪ್ಪ ಒಂದು ಹೆಜ್ಜೆ ಮುಂದೆ ಬಂದ. ಅವನು ಅಕ್ಷರ ತಿದ್ದಿದ್ದು ಅದೇ ಕಟ್ಟೆಯ ಮೇಲೆ. ತಂದೆತಾಯಿ ಇಲ್ಲದ ಅವನಿಗೆ ಹೊಟ್ಟೆಗಿಟ್ಟದ್ದೂ ಅದೇ ಅಂಗಳ.

"ನಾ ಹೋಗ್ತೀನ್ರಿ ಅಜ್ಜಾರ," ಅಂದ.

ಅಜ್ಜ ಹಳೆಯ ಪೆಟ್ಟಿಗೆ ತೆರೆದು ಒಂದು ಹಿಡಿ ಚುಟ್ಟ ತೆಗೆದು ಅವನ ಉಡಿಗೆ ಹಾಕಿದರು.

"ಇವನ್ನ ಆರಾಧನಿತನಕ ಕಾಯಿ. ಗದ್ದಿಗಿ ಮುಂದ ನೀನ ಹಚ್ಚು. ಕಡೀತನಕ ಉರದ್ರ ಹೋಗು."

"ಉರೀಲಿಲ್ಲಂದ್ರ?"

"ಹುಣಸಿಹಾಳದ ಕೀಲಿಕೈ ಇಲ್ಲೇ ಗ್ವಾಡಿಗೆ ತೂಗಹಾಕೂಣು."

"ಉರಿಸೇ ತೀರ್ತೀನ್ರಿ."

"ಪೆಟಗಿ?"

"ನಿಮ್ಮದು ಭಾಳ ಹಳೇದಾಗೇತ್ರಿ. ಹೊಸಾದು ಮಾಡಸ್ತೀನಿ."

ಅಜ್ಜ ಆಗಲಿ ಅಂದರು.

ಅಡವೆಪ್ಪ ಸಾಗವಾನಿ ಹಲಗೆ ತಂದು, ಬಡಿಗೇರನ ಬೆನ್ನು ಹತ್ತಿ ಪೆಟ್ಟಿಗೆ ಮಾಡಿಸಿದ. ಮುಚ್ಚಳ ಹಾಕಿದರೆ ಕೂದಲು ತೂರಲೂ ಸಂದಿಲ್ಲ. ಚುಟ್ಟಗಳನ್ನು ಒಂದರ ಪಕ್ಕ ಒಂದು ಜೋಡಿಸಿಟ್ಟು, ನೆರಳಿನಲ್ಲಿಟ್ಟ. ಬಂದವರಿಗೆಲ್ಲ ತೋರಿಸಿದ್ದೂ ಆಯಿತು.

ಕೆಲವು ದಿನ ಬಿಟ್ಟು ತೆರೆದು ನೋಡಿದರೆ ಎಲೆ ಬಿರಿದಿತ್ತು. ಬೆರಳಲ್ಲಿ ಒತ್ತಿದರೆ ಹಪ್ಪಳದಂತೆ ಪುಡಿಪುಡಿ.

"ಗಾಳಿ ಹೋಗಲಿಕ್ಕೂ ಜಾಗಾ ಇಲ್ರಿ ಅಜ್ಜಾರ! ಹಂಗಾದ್ರ ತೇವಾ ಎಲ್ಲಿ ಹೋತು? ಕಳ್ಳ ಪೆಟಗಿ, ಒಲಿಗೆ ಹಾಕ್ತೀನಿ ಇದನ್ನ!"

ಅಜ್ಜ ಪೆಟ್ಟಿಗೆಯನ್ನು ಅವನ ಕೈಯಿಂದ ತೆಗೆದು ಪಕ್ಕಕ್ಕಿಟ್ಟರು.

ಮರುದಿನ ಮಟಮಟ ಮಧ್ಯಾಹ್ನ. ಹೊಳೆ ಬತ್ತಿ ಬರೀ ಮರಳು. ಬೆಳಗಿನಿಂದ ಸೌದೆ ಒಡೆದು ಸುಸ್ತಾದ ಅಡವೆಪ್ಪ ನೀರು ಕುಡಿಯಲೆಂದು ಒಳಗೆ ಬಂದ. ಅಜ್ಜ ಅವನ ಕೈಗೆ ಮಜ್ಜಿಗೆಯ ಮಡಕೆ ಕೊಟ್ಟರು.

"ಹೊಳ್ಯಾಗ ಮಂದಿ ಒರತಿ ತೋಡಾಕ ಹತ್ಯಾರ. ಓಡು, ಅವ್ರಿಗೆ ಕೊಟ್ಟು ಬಾ."

"ಅಜ್ಜಾರ, ಒಂದು ತಂಬಿಗಿ ನೀರು ಕುಡದು..."

"ಓಡು ಅಂದ್ನಿ."

ಅಡವೆಪ್ಪ ನಡೆದ. ಕಾಲ ಕೆಳಗೆ ಮರಳು ಕಾದಿತ್ತು, ನಾಲಿಗೆ ಅಂಗುಳಕ್ಕೆ ಅಂಟಿತ್ತು. ಮಜ್ಜಿಗೆಯಿಂದ ಶುಂಠಿಯ ವಾಸನೆ ಬರುತ್ತಿತ್ತು. ಚೆಲ್ಲಿದೆಯೋ ಏನೋ ಅಂತ ಮುಚ್ಚಳ ತೆಗೆದು ನೋಡಿದ. ನೋಡಿದವನು ಒಂದು ಗುಟುಕು ಕುಡಿದ. ಒಂದು ಗುಟುಕಿಗೆ ನಿಲ್ಲುವ ಬಾಯಾರಿಕೆ ಅದಾಗಿರಲಿಲ್ಲ.

ಒರತೆ ತೋಡುವವರಿಗೆ ಸಿಕ್ಕಿದ್ದು ಬಾಯಿ ಒದ್ದೆ ಮಾಡಿಕೊಳ್ಳುವಷ್ಟು. ಅವರು ಮಡಕೆಯನ್ನೂ ನೋಡಿದರು, ಅವನ ಮೀಸೆಯನ್ನೂ ನೋಡಿದರು. ಅಡವೆಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ತಿರುಗಿ ಬಂದಾಗ ಅಜ್ಜ ಕೇಳಿದರು: "ಎಲ್ಲಾರಿಗೂ ಮುಟ್ಟಿತೇನು?"

"ಅರ್ಧಾ ನಾನ ಕುಡದ್ನಿರಿ."

"ಕದ್ಯೇನು?"

"ಕದೀಬೇಕಂತ ಅಲ್ರಿ. ಬಾಯಾರಿತ್ತು. ತಡೀಲಿಕ್ಕಾಗ್ಲಿಲ್ಲ."

"ಹಂಗಾರ ಆ ಹೊಸಾ ಪೆಟಗಿ ಮ್ಯಾಲಿನ ಸಿಟ್ಟು ಬಿಡು."

ಅಡವೆಪ್ಪ ಓಡಿಹೋಗಿ ಪೆಟ್ಟಿಗೆಯ ಒಳಗೆ ಕೈ ಆಡಿಸಿದ. ಹಲಗೆ ಬಣಬಣ ಒಣಗಿತ್ತು. ಎಲೆಯ ತೇವವನ್ನೆಲ್ಲ ಅದೇ ಹೀರಿಬಿಟ್ಟಿತ್ತು.

ಅಂದಿನಿಂದ ದಿನವೂ ಒದ್ದೆ ಬಟ್ಟೆ ಹಿಂಡಿ ಖಾಲಿ ಪೆಟ್ಟಿಗೆಯ ಒಳಮೈ ಒರೆಸಿದ. ಮೊದಮೊದಲು ಹಲಗೆ ಒರೆಸಿದ್ದನ್ನು ಒರೆಸಿದಂತೆಯೇ ಕುಡಿಯುತ್ತಿತ್ತು. ಬರಬರುತ್ತ ಅದರ ಆಸೆ ತೀರಿತು, ಕೈಯಿಟ್ಟರೆ ತಣ್ಣಗೆ ಹತ್ತತೊಡಗಿತು. ಆಗ ಹೋಗಿ ಅಜ್ಜನ ಮುಂದೆ ಉಡಿಯೊಡ್ಡಿದ. ಅಜ್ಜ ಇನ್ನೊಂದು ಹಿಡಿ ಹಾಕಿದರು.

ಇಷ್ಟಕ್ಕೇ ಸುಮ್ಮನಾಗಿದ್ದರೆ ಅವನು ಅಡವೆಪ್ಪನಲ್ಲ. ಒರತೆಯ ಬಳಿ ಆದ ಅವಮಾನ ಎದೆಯಲ್ಲಿ ಕುದಿಯುತ್ತಲೇ ಇತ್ತು. ಇನ್ನು ಮೇಲೆ ಉಳಿದವರಿಗೆ ಮುಟ್ಟುವ ಮುಂಚೆ ತನ್ನ ಬಾಯಿಗೆ ಒಂದು ಹನಿಯೂ ಇಲ್ಲ ಎಂದು ಪಣ ತೊಟ್ಟ. ಎಲ್ಲರೂ ಉಂಡ ಮೇಲೆ ಉಳಿದರೆ ಉಂಡ, ಇಲ್ಲದಿದ್ದರೆ ಇಲ್ಲ. ದಿನದಿನಕ್ಕೆ ಕೆನ್ನೆ ಒಳಸೇರಿತು. ಅಜ್ಜ ನೋಡುತ್ತಲೇ ಇದ್ದರು.

ಮಳೆಗಾಲ ಬಂತು. ಚುಟ್ಟ ಮತ್ತೆ ಒಣಗೀತೆಂಬ ಭಯ ಮಾತ್ರ ಅಡವೆಪ್ಪನನ್ನು ಬಿಟ್ಟಿರಲಿಲ್ಲ. ಒದ್ದೆ ಬಟ್ಟೆಯ ತುಂಡೊಂದನ್ನು ಪೆಟ್ಟಿಗೆಯೊಳಗೇ ಇಟ್ಟ. ಸಾಲದೆಂದು ಆಗಾಗ ನೀರು ಚಿಮುಕಿಸಿದ. ಎದ್ದಾಗೊಮ್ಮೆ, ಕೂತಾಗೊಮ್ಮೆ ಮುಚ್ಚಳ ತೆರೆದು ನೋಡಿದ.

ಶ್ರಾವಣದ ಹೊತ್ತಿಗೆ ಚುಟ್ಟಗಳ ಮೈಮೇಲೆಲ್ಲ ಬಿಳಿ ಬೂಷ್ಟು.

ಈ ಸಲ ಅವನು ಕೂಗಾಡಲಿಲ್ಲ. ಪೆಟ್ಟಿಗೆ ಹೊತ್ತು ತಂದು ಅಜ್ಜನ ಮುಂದಿಟ್ಟು, ತಲೆ ತಗ್ಗಿಸಿ ಕೂತ.

"ನೀರು ಯಾರಿಗೆ ಹಾಕಿದ್ದಿ?"

"ಚುಟ್ಟಕ್ಕ ಹಾಕಿದ್ನಿರಿ."

"ಅಲ್ಲ."

"ಪೆಟಗಿಗೆ?"

"ಅದಕ್ಕೂ ಅಲ್ಲ. ನಿನ್ನ ಅಂಜಿಕಿಗೆ ಹಾಕಿದಿ. ಅದು ಎಷ್ಟು ಹಾಕಿದ್ರೂ ಸಾಕು ಅನ್ನಂಗಿಲ್ಲ."

ಅಜ್ಜ ಹಳೆಯ ಪೆಟ್ಟಿಗೆಯನ್ನು ಬೋರಲು ಹಾಕಿದರು. ಬಿದ್ದದ್ದು ಕೊನೆಯ ಹಿಡಿ.

"ಮುಗೀತು. ಇನ್ನ ಇದರಾಗ ಏನೂ ಇಲ್ಲ."

ಅಡವೆಪ್ಪನ ಕಣ್ಣಲ್ಲಿ ನೀರಾಡಿತು. ಹುಣಸಿಹಾಳದ ಕಟ್ಟೆಯ ಮೇಲೆ ಸಂಜೆ ಬಂದು ಕೂರುವ ಮಕ್ಕಳು ಕಣ್ಣ ಮುಂದೆ ಬಂದರು.

"ನಿಮ್ಮ ಪೆಟಗಿನ ಕೊಡ್ರಿ ಅಜ್ಜಾರ. ಅದರಾಗ ಕೆಡಂಗಿಲ್ಲ."

"ಇದು ನನ್ನ ಪೆಟಗಿ. ಹುಣಸಿಹಾಳಕ್ಕ ನೀ ಹೋಗಾವೋ, ನಾ ಹೋಗಾವೋ?"

ಅಡವೆಪ್ಪ ಕಣ್ಣೊರೆಸಿಕೊಂಡು ಎದ್ದ. ಸೋಲುವ ಮಾತೇ ಇಲ್ಲ ಅಂದುಕೊಂಡ. ಬೂಷ್ಟು ಹಿಡಿದ ಪೆಟ್ಟಿಗೆಯನ್ನು ತಿಕ್ಕಿ ತೊಳೆದು, ಎಳೆಬಿಸಿಲಿಗೆ ಒಣಗಿಸಿ, ಮತ್ತೆ ಮೊದಲಿನಿಂದ ಒರೆಸಿ ಹದ ಮಾಡಿದ. ಕೆಲಸವೆಲ್ಲ ಸಾವಕಾಶ, ಆದರೆ ಒಂದು ದಿನವೂ ತಪ್ಪಿಸಲಿಲ್ಲ.

ಒಳಗೇನು ಇಡುವುದು? ನೀರಿಟ್ಟರೆ ಬೂಷ್ಟು, ಇಡದಿದ್ದರೆ ಬಿರುಕು.

ಒಂದು ದಿನ ಅಡುಗೆಮನೆಯಲ್ಲಿ ಉಪ್ಪಿನ ಭರಣಿಗೆ ಕೈ ಹಾಕಿದವನು ಹಾಗೆಯೇ ನಿಂತುಬಿಟ್ಟ. ಬೇಸಿಗೆಯಲ್ಲಿ ಗರಿಗರಿಯಾಗಿದ್ದ ಉಪ್ಪು ಈಗ ಒದ್ದೆಯಾಗಿತ್ತು. ಇದು ಗಾಳಿ ಹೇಗೋ ಹಾಗೆ ಇರುತ್ತದಲ್ಲ, ಹೆಚ್ಚಾದ ತೇವವನ್ನು ತಾನು ಹಿಡಿದಿಟ್ಟುಕೊಂಡು, ಕಡಿಮೆಯಾದಾಗ ಬಿಟ್ಟುಕೊಡುತ್ತದಲ್ಲ ಅನ್ನಿಸಿತು.

ಮಣ್ಣಿನ ಹಣತೆಯಲ್ಲಿ ಒದ್ದೆ ಉಪ್ಪು ತುಂಬಿ ಪೆಟ್ಟಿಗೆಯ ಮೂಲೆಗಿಟ್ಟ. ಚುಟ್ಟಕ್ಕೆ ತಾಗದಂತೆ ನಡುವೆ ಹಲಗೆಯ ತುಂಡು. ಪೆಟ್ಟಿಗೆಯನ್ನು ಒಲೆಯಿಂದಲೂ ಗೋಡೆಯ ಥಂಡಿಯಿಂದಲೂ ದೂರವಿಟ್ಟ. ಸೋಮವಾರಕ್ಕೊಮ್ಮೆ ತೆರೆದು, ಮೇಲಿನವನ್ನು ಕೆಳಗೆ, ಕೆಳಗಿನವನ್ನು ಮೇಲೆ ಮಾಡಿ, ಒಂದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಒತ್ತುವನು. ಸದ್ದಿಲ್ಲದೆ ಬೆರಳಿಗೆ ಬಗ್ಗಿ, ಬಿಟ್ಟರೆ ಮತ್ತೆ ಮೊದಲಿನಂತಾದರೆ ಮುಚ್ಚಿಬಿಡುವನು. ಮಿಕ್ಕ ದಿನಗಳಲ್ಲಿ ಕೈ ತುರಿಸುತ್ತಿತ್ತು. ಆಗೆಲ್ಲ ಎದ್ದು ಹೋಗಿ ಅಂಗಳ ಗುಡಿಸುತ್ತಿದ್ದ. ಆ ಮಳೆಗಾಲದಲ್ಲಿ ಆಶ್ರಮದ ಅಂಗಳ ಹಿಂದೆಂದೂ ಕಾಣದಷ್ಟು ಸ್ವಚ್ಛವಾಗಿತ್ತು.

ಆರಾಧನೆ ಬಂತು. ನೀಲವ್ವ ಊರ ಹಿರಿಯರೊಂದಿಗೆ ಬಂಡಿ ಹೂಡಿಸಿಕೊಂಡು ಬಂದಳು. ಕೀಲಿಕೈ ಅವಳ ಸೆರಗಿನ ಗಂಟಿನಲ್ಲಿತ್ತು.

ಅಡವೆಪ್ಪ ಗದ್ದುಗೆಯ ಮುಂದೆ ಚುಟ್ಟ ಹಚ್ಚಿಟ್ಟ. ತುದಿ ಕೆಂಪಾಯಿತು. ಹೊಗೆ ಎಳೆಯಾಗಿ ಎದ್ದಿತು. ಬೂದಿ ಉದುರದೆ ಉದ್ದವಾಗುತ್ತ ಬಂತು. ಕೊನೆಯ ಚೂರೂ ಉರಿದು ಬೂದಿಯಾದಾಗ ನೀಲವ್ವ ಸೆರಗಿನ ಗಂಟು ಬಿಚ್ಚಿ ಕೀಲಿಕೈಯನ್ನು ಅಡವೆಪ್ಪನ ಅಂಗೈಗಿಟ್ಟಳು. ಅವನು ಎಲ್ಲರ ಎದುರೇ ಗಳಗಳ ಅತ್ತುಬಿಟ್ಟ.

ದಾಸೋಹದಲ್ಲಿ ಬಂದವರಿಗೆಲ್ಲ ಬಡಿಸಿದ. ತನಗೆ ಉಳಿಯಲಿಲ್ಲ. ಉಳಿಯಲಿಲ್ಲವಲ್ಲ ಎಂದು ಹೆಮ್ಮೆಯೇ ಆಯಿತು.

ಬೆಳಗಾದ ಮೇಲೆ ಬಂಡಿ ಹೊರಟು ನಿಂತಿತು. ಅಡವೆಪ್ಪ ಕಂಕುಳಲ್ಲಿ ಪೆಟ್ಟಿಗೆ ಹಿಡಿದು ಅಜ್ಜನ ಪಾದಕ್ಕೆರಗಿದ. ಅಜ್ಜ ಒಳಗಿನಿಂದ ಮಜ್ಜಿಗೆಯ ಮಡಕೆ ತಂದರು. ಅದೇ ಮಡಕೆ.

"ಹುಡುಗ್ರು ಊರ ಮುಂದ ಬಂದು ನಿಂತಿರ್ತಾವು. ತಗೊಂಡು ಹೋಗು."

ಅಡವೆಪ್ಪನ ಮುಖ ಅರಳಿತು. ಇಷ್ಟು ದಿನ ಅವನು ಕಾದಿದ್ದೇ ಇದಕ್ಕೆ.

"ಈ ಸಲ ನೋಡ್ರಿ ಅಜ್ಜಾರ. ಜೀವಾ ಹೋದ್ರೂ ಒಂದು ಹನಿ ಮುಟ್ಟಂಗಿಲ್ಲ. ತುಂಬಿದ ಮಡಿಕಿ ತುಂಬಿದಂಗ ಅವ್ರಿಗೆ ಮುಟ್ಟಸ್ತೀನಿ."

ಅಜ್ಜ ಅವನ ಒಡೆದ ತುಟಿಗಳನ್ನೇ ನೋಡಿದರು.

"ಪೆಟಗಿ ಒರಸಿದ್ದಿ ಅಲ್ಲ, ಯಾವಾಗ? ಚುಟ್ಟಾ ಇಡೂಕಿಂತ ಮೊದ್ಲೋ, ಇಟ್ಟ ಮ್ಯಾಲೋ?"

"ಮೊದ್ಲ್ರಿ."

ಅಜ್ಜ ಮಡಕೆಯ ಮುಚ್ಚಳ ತೆಗೆದು, ತಂಬಿಗೆಯ ತುಂಬ ಮಜ್ಜಿಗೆ ಬಗ್ಗಿಸಿ ಅವನ ಮುಂದೆ ಹಿಡಿದರು.

"ಹಂಗಾರ ಕುಂದರು. ಮೊದ್ಲ ನೀ ಕುಡಿ."